ಮಡಕೆಯ ಚೂರು ಮತ್ತು ನನ್ನ ಹೆಬ್ಬೆರಳು

ಮುಟ್ಟಬೇಡಿ ಎಂದು ಬರೆದಿದ್ದನ್ನು ಮುಟ್ಟದೆ ಬರುವುದು ಒಂದು ಸಂಸ್ಕಾರ. ಅದು ನನಗೆ ಒಲಿಯಲೇ ಇಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಹೂವಿನ ಆನೆಯ ಸೊಂಡಿಲು ಸವರಿ ಕಾವಲುಗಾರನಿಂದ ಬೈಸಿಕೊಂಡಾಗ ನನಗೆ ಐವತ್ತು ದಾಟಿತ್ತು. ಪಕ್ಕದಲ್ಲಿದ್ದ ನನ್ನ ಹೆಂಡತಿ ವಿಮಲಾ, ಈ ಮನುಷ್ಯ ಯಾರೋ ಎಂಬಂತೆ ಗುಲಾಬಿಗಳ ಕಡೆ ನಡೆದುಬಿಟ್ಟಳು. ಇಂಥ ನನ್ನನ್ನು ವಿಶ್ವವಿದ್ಯಾಲಯದವರು ಸಾವಿರಾರು ವರ್ಷ ಹಳೆಯ ಮಡಕೆಚೂರುಗಳ ಸಂಶೋಧನೆಗೆ ಸೇರಿಸಿಕೊಂಡರು.

ಬಸವನಗುಡಿಯ ಕಾಲೇಜೊಂದರಲ್ಲಿ ನಾನು ಇತಿಹಾಸದ ಮೇಷ್ಟ್ರು. ಯೋಜನೆ ಮಾತ್ರ ಅಂತರಶಿಸ್ತೀಯ. ಇತಿಹಾಸ, ಸಸ್ಯಶಾಸ್ತ್ರ, ರಸಾಯನಶಾಸ್ತ್ರದವರೆಲ್ಲ ಕೂಡಿ ಮಾಡುವ ಕೆಲಸ. ನಮ್ಮೆಲ್ಲರ ನಡುವೆ ಶಿಸ್ತು ಇದ್ದದ್ದು ರಸಾಯನಶಾಸ್ತ್ರದ ಶಶಿಕಲಾ ಮೇಡಂ ಒಬ್ಬರಿಗೇ. ಕೋಲಾರದ ಕಡೆಯ ಹೊಲವೊಂದರಲ್ಲಿ ಅಗೆದು ತೆಗೆದ ಚೂರುಗಳನ್ನು ಮೇಜಿನ ಮೇಲೆ ಹರಡಿ, ಮೊದಲ ದಿನವೇ ಹೇಳಿದರು: "ಸರ್, ಗ್ಲೌಸ್ ಹಾಕ್ಕೊಂಡೇ ಮುಟ್ಬೇಕು. ತೊಳೀಲೇಬಾರ್ದು. ಅಡುಗೆ ಜಿಡ್ಡು ಮಣ್ಣೊಳಗೆ ಇಳಿದಿರತ್ತೆ. ಏನು ಬೇಯ್ಸಿದ್ರು ಅಂತ ಮಡಕೇನೇ ಹೇಳತ್ತೆ."

ನಾನು ಬೆರಗಾಗಿಹೋದೆ. ಮೊನ್ನೆ ಏನು ಊಟ ಮಾಡಿದೆ ಎಂದು ಕೇಳಿದರೆ ನನಗೇ ನೆನಪಿರುವುದಿಲ್ಲ. ಒಲೆ ಆರಿ, ಮನೆ ಬಿದ್ದು, ಊರಿಗೆ ಊರೇ ಹೊಲವಾದ ಮೇಲೂ ಅಂಗೈಯಗಲದ ಮಣ್ಣು ತನ್ನಲ್ಲಿ ಬೆಂದ ಸಾರನ್ನು ಮರೆತಿಲ್ಲ. ವರ್ಷಗಟ್ಟಲೆ ಮಕ್ಕಳಿಗೆ ರಾಜರ ಪಟ್ಟಿ ಬಾಯಿಪಾಠ ಮಾಡಿಸಿದವನಿಗೆ ಸ್ವಲ್ಪ ನಾಚಿಕೆಯೂ ಆಯಿತು.

ಒಂದು ಚೂರಿನ ಅಂಚಿನ ಹೊರಮೈಯಲ್ಲಿ ಸಣ್ಣ ಗುಳಿಯಿತ್ತು. ಹಸಿಮಣ್ಣಿನಲ್ಲಿ ಮಡಕೆ ಮಾಡಿದವರ ಹೆಬ್ಬೆರಳು ಒತ್ತಿದ ಗುರುತು. ಹತ್ತಿರ ಹಿಡಿದರೆ ಬೆರಳಿನ ಗೆರೆಗಳೂ ಕಾಣುತ್ತಿದ್ದವು. ಮೇಡಂ ಫೋನ್ ಬಂತೆಂದು ಹೊರಗೆ ಹೋದರು. ನಾನು ಗ್ಲೌಸ್ ಕಳಚಿ ಆ ಗುಳಿಯಲ್ಲಿ ನನ್ನ ಹೆಬ್ಬೆರಳಿಟ್ಟೆ. ಸರಿಯಾಗಿ ಕೂತಿತು. ಮೈ ಜುಮ್ಮೆಂದಿತು. ಯಾರೋ ಕೈ ಹಿಡಿದು "ಬಂದ್ಯಾ" ಎಂದ ಹಾಗಾಯಿತು. ಕಣ್ಣು ತುಂಬಿ ಬಂತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅರ್ಧ ಗಂಟೆ ಮೊದಲು ಗಾಂಧಿ ಬಜಾರಿನಲ್ಲಿ ಬೆಣ್ಣೆ ಹಾಕಿಸಿಕೊಂಡು ಮಸಾಲೆ ದೋಸೆ ತಿಂದಿದ್ದೆ, ಕೈಯನ್ನು ಕಾಗದಕ್ಕೆ ಒರೆಸಿದ್ದೆನೇ ಹೊರತು ತೊಳೆದಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಮುಂದಿನ ತಿಂಗಳು ಮೊದಲ ಪರೀಕ್ಷೆಯ ಫಲಿತಾಂಶ ಬಂತು. ಅದೇ ಚೂರಿನಲ್ಲಿ ಹಾಲಿನ ಕೊಬ್ಬಿನ ಅಂಶ. "ಇನ್ನೂ ಪರೀಕ್ಷೆ ಮುಗ್ದಿಲ್ಲ, ಯಾರಿಗೂ ಹೇಳ್ಬೇಡಿ ಸರ್" ಎಂದರು ಮೇಡಂ. ಸಂಜೆಯೊಳಗೆ ನಮ್ಮ ಸ್ಟಾಫ್ ರೂಮಿಗೆಲ್ಲ ಬೆಣ್ಣೆ ಕಡೆದ ಪ್ರಾಚೀನರ ಕಥೆ ಗೊತ್ತಾಗಿತ್ತು. ಚಾಮರಾಜಪೇಟೆಯ ಸಾಹಿತ್ಯ ಸಂಘವೊಂದರವರು ಅದೇ ವಿಷಯದ ಮೇಲೆ ಭಾನುವಾರ ನನ್ನ ಉಪನ್ಯಾಸ ಇಟ್ಟು ಕರಪತ್ರವನ್ನೂ ಹಂಚಿದರು. ಶಾಲು ಹೊದಿಸುತ್ತಾರೆಂದು ವಿಮಲಾ ನನ್ನ ಜುಬ್ಬಾ ಇಸ್ತ್ರಿಗೆ ಕೊಟ್ಟಳು.

ಶುಕ್ರವಾರ ಮೇಡಂ ಕರೆಸಿದರು. "ಒಂದು ಅನುಮಾನ ಸರ್. ಈ ಬೆಣ್ಣೆ ಒಳಗಡೆ ಇಲ್ಲ, ಹೊರಗಡೆ ಮಾತ್ರ ಇದೆ. ಮಡಕೆ ಹೊರಗಡೆ ಯಾರಾದ್ರೂ ಅಡುಗೆ ಮಾಡ್ತಾರಾ?"

ಉತ್ತರ ಗೊತ್ತಿರುವವನು ಪ್ರಪಂಚದಲ್ಲಿ ನಾನೊಬ್ಬನೇ ಎಂದುಕೊಂಡೆ. ಸುಮ್ಮನಿದ್ದರೆ ಶಾಲು ನನ್ನದು. ಆದರೆ ಇಷ್ಟು ಕಾಲ ಒಂದು ಸುಳ್ಳನ್ನೂ ಹೇಳದ ಮಡಕೆಯ ಬಾಯಲ್ಲಿ ನಾನು ಸುಳ್ಳು ಹೇಳಿಸಬೇಕಾಗುತ್ತಿತ್ತು. ಆ ಹೆಬ್ಬೆರಳಿನವರಿಗೆ ಅಂಥ ದ್ರೋಹ ಮಾಡಲು ಮನಸ್ಸು ಬರಲಿಲ್ಲ.

"ಮೇಡಂ, ಅದು ಮಸಾಲೆ ದೋಸೆ ಬೆಣ್ಣೆ" ಎಂದೆ.

ಅವರು ನಗಲಿಲ್ಲ. "ಗೊತ್ತಿತ್ತು ಸರ್. ಬೆರಳಿನ ಜಿಡ್ಡೂ ಸಿಕ್ಕಿತ್ತು. ನೀವಾಗೇ ಹೇಳ್ತೀರಾ ಅಂತ ಕಾಯ್ತಿದ್ದೆ." ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ಒಳಮೈಯಲ್ಲಿ ಏನಿದೆ ನೋಡಿ. ಎಲೆ ಮೇಲಿನ ಮೇಣ, ಹಾಗೇ ಉಳ್ಕೊಂಡಿದೆ. ಸೊಪ್ಪು ಬೇಯ್ಸಿದಾರೆ."

ಯಾರೋ ಹೊಲದ ಬದುವಿನಲ್ಲಿ ಬಗ್ಗಿ ಸೊಪ್ಪು ಕಿತ್ತಿದ್ದಾರೆ, ಸೋಸಿದ್ದಾರೆ, ಬೇಯಿಸಿ ಮನೆಮಂದಿಗೆ ಬಡಿಸಿದ್ದಾರೆ. ಯಾವ ಶಾಸನದಲ್ಲೂ ಇಲ್ಲದ ಊಟ. ಭಾನುವಾರ ಬೆಣ್ಣೆಯ ತಪ್ಪೊಪ್ಪಿಕೊಂಡು ಆ ಸೊಪ್ಪಿನ ಮೇಲೆಯೇ ಮಾತಾಡಿದೆ. ಜನ ನಕ್ಕರು, ಆಮೇಲೆ ಸುಮ್ಮನೆ ಕೂತು ಕೇಳಿದರು.

ಸಂಶೋಧನೆಯ ವರದಿ ಈಚೆಗೆ ಕೈ ಸೇರಿತು. ಆ ಮಡಕೆ ಮಾಡಿದವರ ಹೆಸರು ಯಾರಿಗೂ ತಿಳಿಯುವಂತಿಲ್ಲ. ನನ್ನ ವಿಷಯದಲ್ಲಿ ಮುಂದಿನವರಿಗೆ ಆ ತೊಂದರೆ ಬಾರದಂತೆ ಮೇಡಂ ನೋಡಿಕೊಂಡಿದ್ದಾರೆ. ನನ್ನ ಪೂರ್ತಿ ಹೆಸರನ್ನು ಹುದ್ದೆಯ ಸಮೇತ ಅಚ್ಚು ಹಾಕಿಸಿದ್ದಾರೆ, 'ಕಲ್ಮಶಗಳು' ಎಂಬ ತಲೆಬರಹದ ಕೆಳಗೆ.