ಸೋಗಿನವರು ಫೋಟೋಕ್ಕೆ ನಿಂತಾಗ

ಫೋಟೋ ತೆಗೆಯುವವರ ಮನೆಯಲ್ಲಿ ನಗುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಅದು ತಾನೇ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ಮೇಲೆ ಕೂರುತ್ತದೆ. ಈಗ ಕಲಕತ್ತೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿಯ ಹೋಳಿ ನೋಡಿದಾಗಲೆಲ್ಲ ಹುಬ್ಬಳ್ಳಿಯ ಸೋಗು ನೆನಪಾಗಿ ಒಬ್ಬಳೇ ನಗುತ್ತೇನೆ.

ನಾನು ಗರಗದಿಂದ ಹುಬ್ಬಳ್ಳಿಗೆ ಮದುವೆಯಾಗಿ ಬಂದ ಹೊಸದು. ಇಂಗ್ಲಿಷರು ಇನ್ನೂ ಹೋಗಿರಲಿಲ್ಲ. ನಮ್ಮವರು ಮನೆಯ ಮುಂದಿನ ಕೋಣೆಯಲ್ಲಿ ಫೋಟೋ ಅಂಗಡಿ ತೆರೆದಿದ್ದರು. ಮಾವನವರದು ಹತ್ತಿ ವ್ಯಾಪಾರ. ಮಗ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತುರುಕಿ ನಿಲ್ಲುವುದು ಅವರಿಗೆ ಸೇರುತ್ತಿರಲಿಲ್ಲ.

"ಹೋಳಿ ಮುಗಿಯೂದ್ರಾಗ ಛಲೋದೊಂದು ಫೋಟೋ ತಗದು ತೋರ್ಸು. ಇಲ್ಲಂದ್ರ ಕೀಲಿ ಜಡದು ಹತ್ತಿ ಅಂಗಡ್ಯಾಗ ಬಂದು ಕುಂದ್ರು" ಎಂದುಬಿಟ್ಟರು.

ನಮ್ಮವರಿಗೆ ಆ ಅಂಗಡಿಯೇ ಪ್ರಾಣ. ಹೋಳಿಯಲ್ಲಿ ಗಂಡಸರು ದೇವರು, ರಾಕ್ಷಸರ ವೇಷ ಹಾಕಿ ಚಕ್ಕಡಿ ಏರಿ ಓಣಿ ಓಣಿ ಸುತ್ತುತ್ತಾರಲ್ಲ, ಆ ಸೋಗಿನವರ ಫೋಟೋ ತೆಗೆಯುವುದೆಂದು ನಿಶ್ಚಯಿಸಿದರು.

ಹನುಮಂತ ಬಂದ

ಸೋಗಿನವರಿಗೆಲ್ಲ "ನಾಳೆ ಅಂಗಡಿಗೆ ಬರ್ರಿ, ಪುಕ್ಕಟೆ ಫೋಟೋ" ಎಂದು ಹೇಳಿ ಬಂದರು. ಬೆಳಿಗ್ಗೆ ಮೊದಲು ಬಂದವನು ಹನುಮಂತ. ಬಣ್ಣವೆಲ್ಲ ಉಜ್ಜಿ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಯಾರದೋ ಕೋಟು ತೊಟ್ಟಿದ್ದ.

"ಬಾಲ ಎಲ್ಲೈತೋ ಮಾರಾಯಾ?" ಎಂದರು ನಮ್ಮವರು.

ಅವನಿಗೆ ಸಿಟ್ಟು ಬಂತು. "ಫೋಟೋಕ್ಕ ಯಾರರೆ ಬಾಲ ಹಚ್ಕೊಂಡು ಬರ್ತಾರೇನ್ರಿ? ನಾವೂ ಮರ್ಯಾದಿ ಇರೋ ಮಂದಿರಿ!"

ಅವನ ಹಿಂದೆ ಬಂದ ಭೀಮ, ದುಶ್ಶಾಸನ ಎಲ್ಲರೂ ಹಾಗೆಯೇ. ಕೈ ಮೊಣಕಾಲ ಮೇಲಿಟ್ಟು ಕಚೇರಿ ಗುಮಾಸ್ತರ ಹಾಗೆ ಕೂತರು. ಮಧ್ಯಾಹ್ನ ಶೂರ್ಪನಖಿಯೂ ಬಂದಳು. ಧೋತರ ಉಟ್ಟು, ಮೀಸೆ ತೀಡಿಕೊಂಡು.

ರಾವಣನ ತಲೆ

ಇವರು ಅಂಗಡಿಗೆ ಬಂದರೆ ಕೆಲಸವಾಗುವುದಿಲ್ಲವೆಂದು ಮರುದಿನ ಕ್ಯಾಮೆರಾವನ್ನೇ ಬೀದಿಗೆ ಒಯ್ದರು. ರಾವಣ ಸಿಕ್ಕಿದ. ಒಂಬತ್ತು ಕಟ್ಟಿಗೆಯ ತಲೆಗಳನ್ನು ಹಲಗೆಗೆ ಜಡಿದು ಹೆಗಲಿಗೆ ಕಟ್ಟಿಕೊಂಡಿದ್ದ.

"ಅಳ್ಳಾಡಬ್ಯಾಡ, ಉಸುರು ಹಿಡಿ" ಎಂದರು ನಮ್ಮವರು.

ರಾವಣ ಉಸಿರೇನೋ ಹಿಡಿದ. ಆದರೆ ತಲೆಗಳು ನೆಟ್ಟಗಿವೆಯೋ ಇಲ್ಲವೋ ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡುತ್ತಲೇ ಇದ್ದ. ಫೋಟೋ ತೊಳೆದು ನೋಡಿದರೆ ಕಟ್ಟಿಗೆಯ ತಲೆಗಳೆಲ್ಲ ಕಣ್ಣು ಹುಬ್ಬು ಸಮೇತ ಸ್ಪಷ್ಟ. ನಡುವೆ ಒಂದು ಹೊಗೆಯ ಉಂಡೆ.

ಅದನ್ನು ನೋಡಿ ರಾವಣ ಬಹಳ ಸಮಾಧಾನಪಟ್ಟ. "ನಂದ್ ಬಿಡ್ರಿ. ಬಾಡಿಗಿ ತಂದವು ಛಲೋ ಬಂದಾವಲ್ಲ!"

ಬಾಗಿಲಲ್ಲಿ ಮಾವನವರು

ಕೊನೆಯ ದಿನ ಬಂತು. ನಮ್ಮವರು ಮುಖ ಸಪ್ಪೆ ಮಾಡಿಕೊಂಡು ಅಂಗಡಿಯ ಮುಂದೆ ಕ್ಯಾಮೆರಾ ಹೂಡಿದ್ದರು. ಬಣ್ಣಕ್ಕೆ ಹೆದರಿ ಮಾವನವರು ಹಿತ್ತಲ ಕೋಣೆಯಲ್ಲಿ ಚಿಲಕ ಹಾಕಿಕೊಂಡಿದ್ದರು. ನಾನು ಬಾಗಿಲಿಗೆ ಬಂದು ನೋಡುತ್ತೇನೆ, ಮಾವನವರು ಬೀದಿಯಲ್ಲಿ ನಿಂತಿದ್ದಾರೆ! ತಲೆಗೆ ಸುತ್ತಿದ ಅದೇ ಕೆಂಪು ಪಟಗಾ, ಅದೇ ಹೊಟ್ಟೆ, ಮೂಗಿನ ತುದಿಗೆ ಚಾಳೀಸು. ಗಾಬರಿಯಾಗಿ ತಲೆಯ ಮೇಲೆ ಸೆರಗೆಳೆದು ಬಾಗಿಲ ಮರೆಗೆ ಸರಿದೆ.

"ಹೆದರಬ್ಯಾಡ್ರಿ ಅಕ್ಕಾರ. ನಾ ನಿಮ್ಮ ಹತ್ತಿ ಗಾಡಿ ಹೊಡಿಯಾಂವ. ಹೊಟ್ಟ್ಯಾಗ ತೆಲಿದಿಂಬು ಐತಿ" ಎಂದರು 'ಮಾವನವರು'.

ಆಮೇಲೆ ದಾರಿಯಲ್ಲಿ ಹೋಗುವವರ ಗಡ್ಡ ಹಿಡಿದು, ಹತ್ತಿಯ ಹಾಗೆ ಬೆರಳಲ್ಲಿ ಹಿಂಜಿ, "ಕಸ ಭಾಳ ಐತಿ, ದರಾ ಇಳಸ್ರಿ!" ಎನ್ನತೊಡಗಿದ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ದರ ಹೇಳುವ ಮೊದಲು ಮಾವನವರು ಕಂಬದಂತೆ ನಿಂತು ಯೋಚಿಸುವ ರೂಢಿಯಿತ್ತು. ಅವನೂ ಹಾಗೆಯೇ ನಿಂತ, ಬಾಯಿತುಂಬ ನಗುತ್ತ. ನಮ್ಮವರಿಗೆ ಅಷ್ಟೇ ಬೇಕಿತ್ತು.

ಪಡಸಾಲೆಯ ಗೋಡೆ

ಫೋಟೋ ಅದ್ಭುತವಾಗಿ ಬಂತು. ಈಗ ಅದನ್ನು ತೋರಿಸುವ ಧೈರ್ಯ ಯಾರಿಗೆ? ನಮ್ಮವರು ಮುಚ್ಚಿಡುವಷ್ಟರಲ್ಲಿ ಮಾವನವರೇ ಅಂಗಡಿಗೆ ಬಂದರು, ಒಂದು ಕೈಯಲ್ಲಿ ಬೀಗ. ಒಣಗಲು ಹಾಕಿದ್ದ ಫೋಟೋ ಎತ್ತಿ, ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದರು. ನಾವಿಬ್ಬರೂ ಉಸಿರು ಹಿಡಿದೆವು.

"ಕಳ್ಳಾ! ನನಗ ಗೊತ್ತಾಗಲಾರದಂಗ ಯಾವಾಗ ತಗದ್ಯೋ ಇದನ್ನ?" ಎಂದರು. "ಪಟಗಾ ಛಲೋ ಬಂದೈತಿ. ಹೊಟ್ಟೀನೂ ಬರೋಬ್ಬರಿ ಬಂದೈತಿ. ದೊಡ್ಡದು ಮಾಡ್ಸಿ ಪಡಸಾಲ್ಯಾಗ ಹಾಕು."

ಬೀಗವನ್ನು ನಮ್ಮವರ ಕೈಗೇ ಕೊಟ್ಟರು. "ರಾತ್ರಿ ಅಂಗಡಿ ಭದ್ರ ಮಾಡ್ಕೋ. ಸಾಮಾನು ತುಟ್ಟಿವು."

ಫೋಟೋ ಗೋಡೆ ಏರಿತು. ಬಂದವರನ್ನೆಲ್ಲ ಮಾವನವರೇ ಕರೆದು ತೋರಿಸುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಅಳುಕು. ಒಂದು ದಿನ ಅತ್ತೆಯವರು ಅದರ ಗಾಜು ಒರೆಸುತ್ತಿದ್ದಾಗ ತಡೆಯಲಾರದೆ, "ಅತ್ತೀ, ಅದು ಮಾವನವರಲ್ಲರಿ..." ಎಂದೆ.

ಅತ್ತೆಯವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿಲ್ಲೇನವಾ? ಇಷ್ಟು ವರ್ಷಾತು, ನಿಮ್ಮ ಮಾವ ಒಮ್ಮೆರೆ ಹಿಂಗ ನಕ್ಕಾರೇನು? ಇರ್ಲಿ ಬಿಡು. ಮನ್ಯಾಗ ನಗೋ ಗಂಡಸು ಒಬ್ಬನರೆ ಇರ್ಲಿ."