ಇಪ್ಪತ್ತು ಅಂದರೆ ಯಾವ ಇಪ್ಪತ್ತು?

ಜುಲೈ ತಿಂಗಳಲ್ಲಿ ಕುವೈತಿನ ಬೀದಿಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಓಡಾಡುವ ಮನುಷ್ಯರು ಇಡೀ ದೇಶಕ್ಕೆ ಒಬ್ಬರೇ ಒಬ್ಬರು ಇರಬಹುದು. ನನ್ನ ಹಣೆಬರಹ ನೋಡಿ, ಅವರು ನನಗೆ ಭಾವ ಆಗಬೇಕು!

ಹೊರಗೆ ನಲವತ್ತೊಂಬತ್ತು ಡಿಗ್ರಿ. ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಸಾಲ್ಮಿಯಾದ ನಮ್ಮ ಕಟ್ಟಡದ ಲಿಫ್ಟಿನಿಂದ ಭಾವ ಉಣ್ಣೆ ಟೋಪಿ, ಮಫ್ಲರು, ಕೈಗವಸು ಸಮೇತ ಇಳಿಯುತ್ತಾರೆ. "ಏನು ಭಾವ ಇದು ವೇಷ?" ಎಂದರೆ, "ಅಭ್ಯಾಸ ಬೇಕಮ್ಮಾ. ನಮ್ಮ ಕೌಂಟಿ ಚಳಿ ತಮಾಷೆ ಅಂದ್ಕೊಂಡ್ಯಾ?" ಎನ್ನುತ್ತಾರೆ.

ನಮ್ಮ ಕೌಂಟಿ! ಅಮೆರಿಕದ ನಟ್ಟನಡುವೆ, ಅಯೋವಾದಲ್ಲಿ, ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ ಬೆಳೆಯುವ ಒಂದು ಹಳ್ಳಿಗಾಡಿನ ಜಿಲ್ಲೆ ಅದು. ಭಾವನ ಮಗಳು ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು, ಅಳಿಯ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ಭಾವ ಆ ಊರಿಗೆ ಕಾಲಿಟ್ಟವರೇ ಅಲ್ಲ. ಆದರೂ ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಅಲ್ಲಿನ ಹವೆ ನೋಡುತ್ತಾರೆ. ಕುವೈತಿನಲ್ಲಿ ಧೂಳಿನ ಬಿರುಗಾಳಿ ಎದ್ದು ಎದುರಿನ ಕಟ್ಟಡವೇ ಕಾಣದಂತಾಗಿದ್ದರೂ ಅವರ ಚಿಂತೆ ಒಂದೇ: "ಅಲ್ಲಿ ಇವತ್ತು ಗಾಳಿ ವಾಯವ್ಯದಿಂದ ಕಣೇ!"

ಅಲ್ಲಿನ ಮಳೆಗೆಲ್ಲ ನಮ್ಮ ನಕ್ಷತ್ರಗಳ ಹೆಸರಿಟ್ಟ ಪುಣ್ಯಾತ್ಮರೂ ಇವರೇ. "ಭರಣಿ ಮಳೆಗೆ ಧರಣಿ ಬೆಳೆ ಅಂತಾರೆ ನಮ್ಮ ಕಡೆ. ಕೌಂಟೀಲೂ ಜೋಳ ಬಿತ್ತೋದು ಭರಣೀಲೇ! ಆದರೆ ಅಲ್ಲಿ ಭರಣಿ ಜತೆ ಸುಂಟರಗಾಳೀನೂ ಬರುತ್ತೆ. ಬೆಳೆ ಬರೋದಕ್ಕೆ ಮುಂಚೆ ಮನೆ ಚಾವಣಿ ಹೋಗುತ್ತೆ!" ಸ್ವಾತಿಯ ಹೊತ್ತಿಗೆ ಮೊದಲ ಹಿಮವಂತೆ. ಅಯೋವಾದ ರೈತರಿಗೆ ತಾವು ಭರಣಿಯಲ್ಲಿ ಬಿತ್ತುತ್ತಿದ್ದೇವೆ ಎಂಬುದು ಇನ್ನೂ ಗೊತ್ತಿಲ್ಲ, ಪಾಪ.

ಇನ್ನೊಂದು ಕಾಟ ಕೇಳಿ. ಅವರ ಎದುರು ಯಾರೂ 'ಡಿಗ್ರಿ' ಎನ್ನುವ ಹಾಗಿಲ್ಲ. ಎಂದರೆ ಸಾಕು, "ಯಾವ ಡಿಗ್ರಿ? ಸೆಲ್ಸಿಯಸ್ಸಾ, ಫ್ಯಾರನ್‌ಹೀಟಾ?" ಎಂದು ಮೈಮೇಲೆ ಬೀಳುತ್ತಾರೆ. ನನ್ನ ಮಗನಿಗೆ ನೂರೊಂದು ಜ್ವರ ಎಂದಾಗಲೂ ಕೇಳಿದರು. ಸೆಲ್ಸಿಯಸ್ಸಾಗಿದ್ದರೆ ಹುಡುಗ ಕುದಿದು ಆವಿಯಾಗಿರುತ್ತಿದ್ದ! ಇಲ್ಲೇ ಖೈತಾನ್ ಬಡಾವಣೆಯಿಂದ ಬಂದ ಅತಿಥಿಯೊಬ್ಬರು ಹೆಮ್ಮೆಯಿಂದ "ನಮ್ಮ ಹುಡುಗನದ್ದು ಡಿಗ್ರಿ ಮುಗೀತು" ಎಂದರೆ, ಭಾವ ಅಭ್ಯಾಸಬಲದಿಂದ "ಸೆಲ್ಸಿಯಸ್ಸಾ?" ಎಂದುಬಿಟ್ಟರು. ಆ ಅತಿಥಿ ಮತ್ತೆ ಬಂದಿಲ್ಲ.

ಇಷ್ಟಕ್ಕೂ ಈ ಹುಚ್ಚು ಏಕೆ ಅಂತೀರಾ? ಮಗಳಿಗೆ ಜನವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ತಾಯಿ ಹೋಗುವುದು ರೂಢಿ. ಆದರೆ ನಮ್ಮಕ್ಕ ಇಲ್ಲಿನ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಟೀಚರು. ಜನವರಿಯಲ್ಲಿ ಪರೀಕ್ಷೆಯ ಗಡಿಬಿಡಿ, ರಜವಿಲ್ಲ. ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು: "ಇಬ್ಬರೂ ಬೇಸಿಗೇಲಿ ಬನ್ನಿ. ಅಪ್ಪ ಒಬ್ಬರೇ ಬರೋದು ಬೇಡ. ಫ್ಯಾನ್ ಗಾಳಿಗೇ ಸೀನ್ತಾರೆ. ದಿಸ್ ವಿಂಟರ್ ಈಸ್ ನೋ ಜೋಕ್."

"ಬಾಣಂತನ ನಾನು ಮಾಡ್ತೀನಿ," ಎಂದರು ಭಾವ.

ಅಕ್ಕನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ರೀ, ನಿಮಗೆ ಹಾಲು ಉಕ್ಕದ ಹಾಗೆ ಕಾಯಿಸೋಕೆ ಬರಲ್ಲ!"

"ಕಲಿತೀನಿ."

"ಮಗೂಗೆ ಎಣ್ಣೆ ಒತ್ತಿ ನೀರು ಹಾಕಬೇಕು!"

"ಕಲಿತೀನಿ."

"ಆ ಚಳಿ?"

"ಅದನ್ನೂ ಕಲಿತೀನಿ."

ಕಲಿತರು ಮಹಾರಾಯರು! ತೆಂಗಿನಕಾಯಿಗೆ ಹರಳೆಣ್ಣೆ ಹಚ್ಚಿ, ಕಾಲಮೇಲೆ ಮಲಗಿಸಿಕೊಂಡು ನೀರು ಹಾಕಿದರು. ಮೊದಲ ದಿನ ಕಾಯಿ ಜಾರಿ ಎರಡು ಹೋಳಾಯಿತು. ಅಕ್ಕ ಅದನ್ನೇ ತುರಿದು ಚಟ್ನಿ ಮಾಡಿ, "ನಿಮ್ಮ ಮೊಮ್ಮಗು," ಎಂದು ಬಡಿಸಿದಳು. ಒಂದು ತಿಂಗಳಾದ ಮೇಲೆ ಕಾಯಿ ಒಡೆಯುವುದು ನಿಂತಿತು.

ಚಳಿಯ ಪಾಠ ಆಫೀಸಿನಲ್ಲಿ. ಭಾವನ ಕೆಲಸವೇ ಕೋಲ್ಡ್ ಸ್ಟೋರೇಜಿನ ಯಂತ್ರಗಳ ರಿಪೇರಿ. ಇಪ್ಪತ್ತೆಂಟು ವರ್ಷದಿಂದ ಊರಿಗೆಲ್ಲ ಚಳಿ ತಯಾರಿಸಿಕೊಟ್ಟು ತಾವು ಮಾತ್ರ ಚಾವಣಿಯ ಬಿಸಿಲಲ್ಲಿ ಬೆಂದವರು. ಈಗ ಊಟದ ವಿರಾಮದಲ್ಲಿ ಮೈನಸ್ ಹದಿನೆಂಟರ ಕೋಣೆಯೊಳಗೆ ಹೊಕ್ಕು, ಹೆಪ್ಪುಗಟ್ಟಿದ ಕೋಳಿಗಳ ಸಾಲಿನ ಮಧ್ಯೆ ಮಂಕಿ ಕ್ಯಾಪು ತೊಟ್ಟು ವಾಕಿಂಗ್! ಮೊದಲ ದಿನ ಎರಡು ನಿಮಿಷ, ಆಮೇಲೆ ಐದು, ಆಮೇಲೆ ಹತ್ತು. ಸ್ಟೋರು ನೋಡಿಕೊಳ್ಳುವ ಈಜಿಪ್ಟಿನವನು ಬಾಗಿಲು ಬಡಿದು, "ಖಲಾಸ್ ಭಾಯಿ, ಖಲಾಸ್! ಯಲ್ಲಾ, ಬಾಹರ್!" ಎಂದು ಕೂಗಿದರೆ ಒಳಗಿನಿಂದ ಉತ್ತರ: "ಇನ್ನೂ ಮೂರು ನಿಮಿಷ!" ಅವನಿಗೆ ಕನ್ನಡ ಬಾರದು. ಆದರೂ ಅರ್ಥವಾಯಿತಂತೆ.

ನವೆಂಬರಿನ ಒಂದು ಶುಕ್ರವಾರ ಸಂಜೆ ವಿಡಿಯೋ ಕಾಲಿನಲ್ಲಿ ಕೊನೆಯ ವಿಚಾರಣೆ ನಡೆಯಿತು. ನಾನೂ ಇದ್ದೆ, ತಮಾಷೆ ನೋಡಲು.

"ಓಕೆ ಅಪ್ಪ. ಹೊರಗೆ ಮೈನಸ್ ಇಪ್ಪತ್ತು, ಜತೆಗೆ ಗಾಳಿ. ಏನು ಮಾಡ್ತೀರಾ?"

"ಯಾವ ಇಪ್ಪತ್ತು?"

"ಅಪ್ಪಾ!"

"ಯಾವುದಾದ್ರೂ ಸರಿ, ಆಚೆ ಹೋಗಲ್ಲ. ಹೋಗಲೇಬೇಕಾದ್ರೆ ಒಂದರ ಮೇಲೊಂದು ಮೂರು ಬಟ್ಟೆ. ಕಾರಲ್ಲಿ ಕಂಬಳಿ, ಸಲಿಕೆ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಇಳೀಬಾರದು."

"ಸಾಂಬ್ರಾಣಿ ಹೊಗೆ?"

"ಹಾಕಲ್ಲ. ಸ್ಮೋಕ್ ಅಲಾರಂ ಕೂಗುತ್ತೆ."

ನಾವೆಲ್ಲ ನಕ್ಕೆವು. ಮಗಳೂ ನಕ್ಕಳು. "ಯಾಕಪ್ಪ ಇಷ್ಟು ಹಟ? ನಾಲ್ಕು ತಿಂಗಳು ಬಿಟ್ಟು ಬಂದ್ರೆ ಏನಾಗುತ್ತೆ?"

ಭಾವ ಮಂಕಿ ಕ್ಯಾಪು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೀನು ಅಲ್ಲಿಗೆ ಹೋದ ಮೊದಲನೇ ಚಳಿಗಾಲ ಫೋನ್ ಮಾಡಿದ್ದೆ. ಅಪ್ಪ, ಇಲ್ಲಿ ಇಪ್ಪತ್ತು ಡಿಗ್ರಿ, ತಡೆಯಕ್ಕಾಗ್ತಿಲ್ಲ ಅಂತ ಅಳ್ತಾ ಇದ್ದೆ. ನಾನು ನಕ್ಕುಬಿಟ್ಟೆ. ಇಪ್ಪತ್ತಾ? ನಮ್ಮ ಹಾಸನದ ಹವೆ ಕಣೇ, ಫ್ಯಾನ್ ಹಾಕ್ಕೊಂಡು ಮಲಕ್ಕೋ ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಯಾವತ್ತೂ ಚಳಿ ಅಂತ ನನ್ನ ಹತ್ರ ಹೇಳಲೇ ಇಲ್ಲ. ಜೀವಮಾನವೆಲ್ಲ ಡಿಗ್ರಿ ಅಳೆದವನು ನಾನು. ಯಾವ ಇಪ್ಪತ್ತು ಮಗಳೇ ಅಂತ ಒಂದು ಮಾತು ಕೇಳಲಿಲ್ಲವಲ್ಲ."

ಅಮೆರಿಕದವರ ಫ್ಯಾರನ್‌ಹೀಟಿನ ಇಪ್ಪತ್ತೆಂದರೆ ನಮ್ಮ ಲೆಕ್ಕದಲ್ಲಿ ಮೈನಸ್ ಏಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ತಿಂಗಳು ಆ ಟೋಪಿಯನ್ನು ನೋಡಿ ಹೊಟ್ಟೆ ಹಿಡಿದು ನಕ್ಕವಳು ನಾನು; ನನಗೆ ನಾಚಿಕೆಯಾಯಿತು.

ಪರದೆಯಲ್ಲಿ ಮಗಳು ಮುಖವನ್ನು ಹತ್ತಿರ ತಂದಳು. ಆಮೇಲೆ ಒಂದೇ ಮಾತು: "ಬನ್ನಿ ಅಪ್ಪ. ಜನವರೀಲೇ ಬನ್ನಿ."

ಹೋದರು. ಹೆಣ್ಣುಮಗು ಹುಟ್ಟಿತು. ಹತ್ತನೆಯ ದಿನ ಅಕ್ಕನ ಮನೆಯಲ್ಲಿ ಕೂತು ನಾವು ವಿಡಿಯೋ ಕಾಲ್ ಮಾಡಿದೆವು. ಭಾವನ ಹಿಂದೆ ಕಿಟಕಿ, ಕಿಟಕಿಯಾಚೆ ಬೆಳ್ಳಗೆ ಹಿಮ. ಸುಯ್ಯೆಂದು ಗಾಳಿ ಬೀಸುವುದು ಸಾಲ್ಮಿಯಾದವರೆಗೂ ಕೇಳಿಸುತ್ತಿತ್ತು. ಶಾಲಿನೊಳಗೆ, ಅವರ ಎದೆಗೆ ಅಂಟಿಕೊಂಡು, ಒಂದು ಪುಟ್ಟ ಕರಿ ತಲೆ.

ರೇಗಿಸೋಣವೆಂದು ಕೇಳಿದೆ: "ಏನು ಭಾವ, ನಿಮ್ಮ ಕೌಂಟೀಲಿ ಇವತ್ತು ಎಷ್ಟು ಡಿಗ್ರಿ?"

ಭಾವ ತಲೆಯೆತ್ತಲಿಲ್ಲ.

"ನೋಡಿಲ್ಲ ಕಣಮ್ಮಾ," ಎಂದರು ಮೆಲ್ಲಗೆ. "ಮಗು ಬೆಚ್ಚಗಿದೆ."