ಲೋಕಯ್ಯನ ಹೆಬ್ಬೆರಳು

ಬಂಟ್ವಾಳದ ಆ ಹಂಚಿನ ಕಾರ್ಖಾನೆಯಲ್ಲಿ ಲಾರಿಗೆ ಹಂಚು ತುಂಬುವುದು ಸಾಲಾಗಿ ನಿಂತು, ಕೈಯಿಂದ ಕೈಗೆ. ತೊಂಬತ್ತಾರನೇ ಇಸವಿಯ ಒಂದು ಸೋಮವಾರ ಬೆಳಿಗ್ಗೆ ವೆಂಕಪ್ಪ, ಹಿಂದಿನ ದಿನ ಕೋಳಿಅಂಕದ ಜೂಜಿಗೆ ಪೊಲೀಸರು ಬಂದದ್ದು, ತಾನು ಪಾಗಾರದ ಗೋಡೆ ಹಾರಿ ಸೊಂಟ ಉಳುಕಿಸಿಕೊಂಡದ್ದು ಎಲ್ಲ ವರ್ಣಿಸುತ್ತಾ, ಪಕ್ಕದ ಲೋಕಯ್ಯ ಕೈ ಚಾಚುವ ಮೊದಲೇ ಹಂಚು ಬಿಟ್ಟ. ಅದು ಲೋಕಯ್ಯನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

"ನೋವಾಯ್ತಾ ಮಾರಾಯ?" ಎಂದ ವೆಂಕಪ್ಪ. ಬೆರಳು ಬದನೆಕಾಯಿಯಂತೆ ಊದಿದವನ ಹತ್ತಿರ ಕೇಳುವ ಮಾತಾ ಅದು!

ಲೋಕಯ್ಯನಿಗೆ ಬೇಕಾದದ್ದು ಹದಿನೈದು ದಿನ ಸಂಬಳದ ರಜೆ, ಅಷ್ಟೇ. ಕುಂಟುತ್ತಾ ಗೇಟಿನ ಹೊರಗಿನ ಹೋಟೆಲಿಗೆ ಬಂದು ಕೂತ. ಹಿಂದೆಯೇ ಅವನ ಒಂದು ಚಪ್ಪಲಿ ಹಿಡಿದುಕೊಂಡು ವೆಂಕಪ್ಪನೂ ಬಂದ. ಅರ್ಜಿ ಬರೆಯುವವನೂ ಅವನೇ. ಪುಸ್ತಕದ ಕನ್ನಡ ಬರುತ್ತಿದ್ದದ್ದು ಅವನೊಬ್ಬನಿಗೆ.

"ಬೆರಳು ಮಾತ್ರ ಬರೆದರೆ ಮುಲಾಮು ಕೊಟ್ಟು ಕಳಿಸ್ತಾರೆ. ಬೇರೆ ಏನುಂಟು ನಿನಗೆ?"

"ದಮ್ಮು ಉಂಟು. ಅದು ಸಣ್ಣದಿರುವಾಗಲೇ ಬಂದದ್ದು."

"ಹಂಚು ಬಿದ್ದ ಗಾಬರಿಗೆ ಬಂತು ಅಂತ ಬರೆಯುವ."

ಹೋಟೆಲಿನ ಅಬ್ದುಲ್ ರವೂಫ್ ಸುಮ್ಮನಿರುವ ಜನವೇ? "ಇವನಿಗೆ ಕಣ್ಣೂ ಮಂಜು. ಮೊನ್ನೆ ಚಾಕ್ಕೆ ಉಪ್ಪು ಹಾಕಿ ನನಗೇ ಬೈದಿದ್ದಾನೆ. ಗ್ಲಾಸು ಹಿಡಿದರೆ ಕೈ ನಡುಗುವುದೂ ಉಂಟು. ಎಲ್ಲ ಸೇರಿಸಿ!"

"ಕಾಲಬೆರಳಿಗೂ ಕಣ್ಣಿಗೂ ಎಂಥ ಸಂಬಂಧ?" ಲೋಕಯ್ಯ ರೇಗಿದ.

"ನರ ಎಲ್ಲ ಒಂದೇ ಅಲ್ವಾ? ನೀನು ಸುಮ್ಮನೆ ಹೆಬ್ಬೆಟ್ಟು ಒತ್ತು," ಎಂದ ವೆಂಕಪ್ಪ. "ನಾನು ಮೊದಲು ಹೋಗಿ ಡಾಕ್ಟರಿಗೆ ಹೇಳಿ ಇಡ್ತೇನೆ."

ಕಾರ್ಖಾನೆಯ ಡಾಕ್ಟರು ಲೋಕಯ್ಯನ ಬೆರಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅರ್ಜಿ ಮಾತ್ರ ಎರಡು ಸಲ ಓದಿದರು.

"ಇದೆಲ್ಲ ಒಂದೇ ಬೆಳಿಗ್ಗೆ ಬರುವ ಕಾಯಿಲೆಗಳಲ್ಲ. ಕಣ್ಣು ಮಂಜು, ಕೈ ನಡುಕ. ಅಂದ ಮೇಲೆ ಹಂಚು ಬೀಳಿಸಿದ್ದು ನೀನೇ. ರಜೆ ಇಲ್ಲ."

"ಬೀಳಿಸಿದ್ದು ಆ ವೆಂಕಪ್ಪ!" ಲೋಕಯ್ಯ ಕಿರುಚಿದ. "ಬೇಕಾದರೆ ಅವನನ್ನೇ ಕೇಳಿ!"

"ಆ ಪಾಪದವನ ಮೇಲೆ ಹಾಕಬೇಡ. ಪೆಟ್ಟಾದ ನಿನ್ನನ್ನು ಬೆನ್ನ ಮೇಲೆ ಹೊತ್ತು ತಂದು ಅವನ ಸೊಂಟ ಹೋಗಿದೆ. ಕೆಲಸದಲ್ಲಿ ಆದ ಗಾಯ ಅಂದರೆ ಅದು. ಅವನಿಗೆ ಹದಿನೈದು ದಿನ ಸಂಬಳದ ರಜೆ ಬರೆದಿದ್ದೇನೆ."

ಹೊತ್ತದ್ದು ಒಂದು ಚಪ್ಪಲಿ, ಅದೂ ಹವಾಯಿ ಚಪ್ಪಲಿ! ಲೋಕಯ್ಯ ಹಲ್ಲು ಕಡಿಯುತ್ತಾ ಕುಂಟಿಕೊಂಡು ಹೊರಗೆ ಬಂದ. ಗೇಟಿನ ಹತ್ತಿರ ವೆಂಕಪ್ಪ ಸೊಂಟಕ್ಕೆ ಕೈ ಕೊಟ್ಟು ಕಾಯುತ್ತಿದ್ದ.

"ಡಾಕ್ಟರು ಕಿಟಕಿಯಿಂದ ನೋಡ್ತಾ ಇದ್ದಾರೆ ಮಾರಾಯ. ಬಸ್ಸಿನವರೆಗೆ ನನ್ನನ್ನು ಸ್ವಲ್ಪ ಹಿಡ್ಕೊ."